ದರ್ಜಿಯಕ್ಕ ಕಟ್ಟುವ ಮೂಗು

ಬೆಳಗಿನ ಆರು ಗಂಟೆ. ರೇಸ್ ಕಾರು ತಯಾರಿಸುವ ಶೆಡ್ಡಿನ ತಣ್ಣನೆಯ ಹಿಂಕೋಣೆಯಲ್ಲಿ ದರ್ಜಿಯಕ್ಕ ಆಗಲೇ ಕೈಗವಸು ತೊಟ್ಟು ನಿಂತಿದ್ದಾರೆ. ಮುಂದಿರುವ ಅಚ್ಚು ಕಾರಿನ ಮೂಗಿನದು. ಅಂಟು ಹೀರಿಕೊಂಡ ಕಪ್ಪು ಕಾರ್ಬನ್ ಬಟ್ಟೆಯನ್ನು ಅದರೊಳಗೆ ಇಳಿಸಿ, ಮೂಲೆಮೂಲೆಗೂ ಹೆಬ್ಬೆರಳಿನಿಂದ ತೀಡುತ್ತಾರೆ. ಒಂದು ಸುಕ್ಕು, ಒಂದು ಗುಳ್ಳೆ ಉಳಿಯುವ ಹಾಗಿಲ್ಲ. ಕೈ ಜೊತೆಗೆ ಬಾಯಿಯೂ ಹಾಡುತ್ತಿರುತ್ತದೆ. ರಾಗಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಹದಿನೆಂಟು ವರ್ಷ ಶಾಲಾ ಸಮವಸ್ತ್ರ ಹೊಲಿದವರು ಇವರು. ಸಿದ್ಧ ಉಡುಪು ಬಂದು ಅಂಗಡಿ ಮುಚ್ಚಿದಾಗ, ಇಲ್ಲೇ ಕಸ ಗುಡಿಸುತ್ತಿದ್ದ ನಾದಿನಿ ಕರೆತಂದರು. ಕಾರಿಗೂ ದರ್ಜಿಗೂ ಏನು ನಂಟು ಎಂದು ಎಲ್ಲರೂ ನಕ್ಕಿದ್ದರಂತೆ.

“ಬಟ್ಟೆ ಅಂದ್ಮೇಲೆ ಬಟ್ಟೇನೇ. ಎಳೆ ಓಡೋ ಕಡೆಗೆ ಎಳೆದ್ರೆ ಆನೆ ಬಂದ್ರೂ ಜಗ್ಗಲ್ಲ. ಅಡ್ಡಕ್ಕೆ ಎಳೆದ್ರೆ ಪಟ್ ಅಂತ ಬಿಡತ್ತೆ. ಅದಕ್ಕೇ ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು ಓರೆಗೆ ಹಾಕೋದು,” ಎನ್ನುತ್ತಾರೆ.

ಒಂದು ಮೂಗಿಗೆ ಇಪ್ಪತ್ನಾಲ್ಕು ಪದರ, ನಾಲ್ಕು ಗಂಟೆ ಕೆಲಸ. ಆಮೇಲೆ ಒತ್ತಡದ ಒಲೆಯಲ್ಲಿ ಬೇಯಬೇಕು. ಕಾರು ಗುದ್ದಿದಾಗ ಈ ಮೂಗು ತುದಿಯಿಂದ ಪುಡಿಯಾಗುತ್ತ, ಹೊಡೆತವನ್ನು ತಾನೇ ನುಂಗುತ್ತ ಹೋಗುತ್ತದೆ. ಅದರ ಬೆನ್ನಿಗೇ ಇರುವುದು ಚಾಲಕಿಯ ಪಾದ. ಇಪ್ಪತ್ತೆರಡರ ಆ ಹುಡುಗಿ ದರ್ಜಿಯಕ್ಕನನ್ನು ಚಿಕ್ಕಮ್ಮ ಎನ್ನುತ್ತಾಳೆ.

ಪ್ರತಿ ಪದರದ ಮೇಲೂ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಸುಲಿದು ಗೋಡೆಗೆ ಅಂಟಿಸಿ, ಕೊನೆಗೆ ಎಣಿಸುವುದು ಇಲ್ಲಿನ ಪದ್ಧತಿ. ಇಂದು ಎಣಿಸಿದರೆ ಇಪ್ಪತ್ಮೂರು!

“ಎಲ್ಲೋ ಬಿದ್ದಿರತ್ತೆ ಅಕ್ಕಾ. ಹಳೇ ಮೂಗು ಮುರಿದಿದೆ, ಇದು ಸಂಜೆ ಲಾರಿಗೆ ಹೋಗ್ದಿದ್ರೆ ರೇಸೇ ಇಲ್ಲ,” ಎಂದು ಎಂಜಿನಿಯರ್ ಗೋಗರೆಯುತ್ತಾರೆ.

“ಬಿದ್ದಿದ್ರೆ ಸಿಗ್ಲಿ. ಒಳಗೇ ಉಳಿದಿದ್ರೆ ಆ ಎರಡು ಪದರ ಅಂಟಲ್ಲಪ್ಪ. ಗುದ್ದಿದಾಗ ಪುಡಿಯಾಗೋ ಬದ್ಲು ಸೀಳಿಹೋಗತ್ತೆ. ಮಗು ಕಾಲು ಅಲ್ಲಿರತ್ತೆ.”

ಕಸದ ಡಬ್ಬಿ, ಮೇಜಿನಡಿ, ಎಲ್ಲ ಜಾಲಾಡಿದ್ದಾಯಿತು. ಎಂಜಿನಿಯರರನ್ನು ಒಂಟಿಕಾಲಲ್ಲಿ ನಿಲ್ಲಿಸಿ ಬೂಟಿನ ಅಡಿಯನ್ನೂ ನೋಡಿದ್ದಾಯಿತು. ಕೊನೆಗೆ ದರ್ಜಿಯಕ್ಕ ಪದರಗಳನ್ನೇ ಒಂದೊಂದಾಗಿ ಬಿಚ್ಚತೊಡಗುತ್ತಾರೆ. ಒಂಬತ್ತನೆಯದರ ಅಡಿಯಲ್ಲಿ ಹಾಳೆ ಮಿನುಗುತ್ತದೆ. ಅದನ್ನು ಎತ್ತಿ ಹಿಡಿದು, ಬಾಯ್ತುಂಬ ನಗುತ್ತಾರೆ.

“ನಂದೇ ತಪ್ಪು! ಹಾಡೋ ಭರದಲ್ಲಿ ಸುಲಿಯೋದೇ ಮರೆತಿದ್ದೀನಿ.”

ಎಂಜಿನಿಯರ್ ಅಂಗಿಯ ತೋಳು ಮಡಚಿ, ಬಿಚ್ಚಿದ ಪದರಗಳ ಬದಲಿಗೆ ಹೊಸ ತುಂಡು ಕತ್ತರಿಸಲು ನಿಲ್ಲುತ್ತಾರೆ. ಲಾರಿಯವನು ಎರಡು ಗಂಟೆ ಗೊಣಗುತ್ತ ಕಾಯುತ್ತಾನೆ. ಬೆಂದ ಮೂಗನ್ನು ದರ್ಜಿಯಕ್ಕ ನಾಣ್ಯದಿಂದ ಇಂಚಿಂಚೂ ತಟ್ಟುತ್ತಾರೆ. ಪದರ ಅಂಟದ ಕಡೆ ಬರುವ ಮಂದ ಸದ್ದು ಎಲ್ಲೂ ಇಲ್ಲ, ಟಣ್ ಟಣ್. ಇಡೀ ಶೆಡ್ಡು ಚಪ್ಪಾಳೆ ಹೊಡೆಯುತ್ತದೆ.

ಮೂಗು ಒಯ್ಯಲು ಬಂದ ಹುಡುಗಿಗೆ ಬೆಳಗಿನ ಎಡವಟ್ಟನ್ನು ಅವರೇ ಹೇಳಿಬಿಡುತ್ತಾರೆ. ಅವಳು ಮೂಗನ್ನು ತೋಳಿಗೆ ಎತ್ತಿಕೊಂಡು, “ಮುಂದಿನದೂ ನೀವೇ ಮಾಡ್ಬೇಕು ಚಿಕ್ಕಮ್ಮ,” ಎನ್ನುತ್ತಾಳೆ.

ಲಾರಿ ತಿರುವು ದಾಟುವವರೆಗೂ ನೋಡುತ್ತ ನಿಂತ ದರ್ಜಿಯಕ್ಕನ ಆಸೆ ಇಷ್ಟೇ: “ನಾನು ಮಾಡಿದ್ದು ಎಷ್ಟು ಗಟ್ಟಿ ಅಂತ ಯಾರಿಗೂ ಗೊತ್ತಾಗೋದೇ ಬೇಡ. ಹೋದ ಹಾಗೇ ವಾಪಸ್ ಬರ್ಲಿ.”