ಪಕ್ಕದ ಸೀಟಿನ ಬ್ರೇಕು

“ಅಮ್ಮಾ, ಅಜ್ಜಿ ಕಾಲು ನನಗಿಂತ ಚಿಕ್ಕದು ಅಲ್ವಾ? ಮತ್ತೆ ಅದು ತಪ್ಪು ಮಾಡಿದ್ರೆ ಯಾಕೆ ಯಾರೂ ಬೈಯಲ್ಲ?”

ಶಾಲೆಗೆ ಹೊರಟು ಬೂಟಿನ ಲೇಸು ಕಟ್ಟಿಸಿಕೊಳ್ಳುತ್ತ ಪುಟ್ಟಿ ಹೀಗೆ ಕೇಳಿದಾಗ ಅವಳಮ್ಮ, ಅಂದರೆ ಆ ಮನೆಯ ಸೊಸೆ, ಲೇಸಿನ ಗಂಟು ಬಿಗಿದಳು. ಮಗುವಿನ ಲೆಕ್ಕವೇನೋ ಸರಿಯಾಗಿಯೇ ಇತ್ತು. ಪುಟ್ಟಿಗೆ ಐದು ತುಂಬಿದೆ, ಅಜ್ಜಿಯ ಬಲಸೊಂಟದಲ್ಲಿ ಕೂತಿರುವ ಲೋಹದ ಕೀಲಿಗೆ ಮೂರೇ ವರ್ಷ. ತಪ್ಪಿನ ಮಾತೂ ಸುಳ್ಳಲ್ಲ. ಹಿಂದಿನ ಸಂಜೆ ಟೀವಿಯಲ್ಲಿ ಕಾರೊಂದು ಲಾರಿಗೆ ಎದುರಾಗಿ ನುಗ್ಗಿದ್ದೇ ತಡ, ಸೋಫಾದ ಮೇಲಿದ್ದ ಅಜ್ಜಿಯ ಬಲಗಾಲು ತನ್ನಷ್ಟಕ್ಕೆ ತಾನೇ ಮುಂದೆ ಚಾಚಿ ಟೀಪಾಯಿಯನ್ನು ಒತ್ತಿ ಪುಟ್ಟಿಯ ಹಾಲಿನ ಲೋಟ ಉರುಳಿಸಿತ್ತು. “ನಾನಲ್ಲಪ್ಪ, ಕಾಲು” ಎಂದುಬಿಟ್ಟಿದ್ದರು ಅಜ್ಜಿ. ಎಲ್ಲರೂ ನಕ್ಕಿದ್ದರು. ಪುಟ್ಟಿ ಚೆಲ್ಲಿದರೆ ಬೈಗುಳ, ಕಾಲು ಚೆಲ್ಲಿದರೆ ನಗು, ಇದ್ಯಾವ ನ್ಯಾಯ?

“ಅಜ್ಜಿ ಕಾಲನ್ನ ಬೈಯೋ ಕೆಲಸ ಡ್ರೈವಿಂಗ್ ಸ್ಕೂಲಿನ ಮಾಲೀಕರದ್ದು. ಅವರು ಬೈತಾನೇ ಇದ್ದಾರೆ. ನಡಿ, ಹೊತ್ತಾಯ್ತು” ಎಂದು ಸೊಸೆ ಮಗುವನ್ನು ಎಬ್ಬಿಸಿದಳು.

ಬೈಗುಳಕ್ಕೆ ಇಪ್ಪತ್ತೊಂಬತ್ತು ವರ್ಷದ ಹಿನ್ನೆಲೆಯಿತ್ತು. ಅತ್ತೆ ಅಷ್ಟು ವರ್ಷದಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದಾರೆ. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದೆ. ಬೇರೆ ಮೇಷ್ಟ್ರುಗಳ ಕಾಲು ಅದರ ಪಕ್ಕದಲ್ಲಿರುತ್ತಿತ್ತು. ಅತ್ತೆಯದು ಅದರ ಮೇಲೆಯೇ ಇರುತ್ತಿತ್ತು. ಕಲಿಯುವವಳು ಅಡ್ಡ ಬಂದ ನಾಯಿಯನ್ನು ನೋಡಿ, ಅದು ನಾಯಿಯೆಂದು ತಿಳಿದು, ಏನು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಕಾರು ನಿಂತಾಗಿರುತ್ತಿತ್ತು. “ಇಷ್ಟು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ” ಎಂದು ಅತ್ತೆ ಹೇಳಿಕೊಳ್ಳುತ್ತಿದ್ದರು, ಅದು ಅಪ್ಪಟ ನಿಜ. ಬೀದಿಯವರು ಇಟ್ಟ ಹೆಸರು ಬ್ರೇಕ್ ಟೀಚರ್.

ತೊಂದರೆ ಒಂದೇ. ಅತ್ತೆಯ ಹತ್ತಿರ ಕಲಿತವರೆಲ್ಲ, ಕಾರು ಎನ್ನುವುದು ಹೊತ್ತಿಗೆ ಸರಿಯಾಗಿ ತಾನೇ ನಿಲ್ಲುವ ಸಾಧು ಪ್ರಾಣಿ ಎಂದು ನಂಬಿರುತ್ತಿದ್ದರು. ಪರೀಕ್ಷೆಯ ದಿನ ಪಕ್ಕದಲ್ಲಿ ಇನ್‌ಸ್ಪೆಕ್ಟರು ಕೂರುತ್ತಿದ್ದರು. ಅವರು ಕಾಲು ಅಲ್ಲಾಡಿಸುತ್ತಿರಲಿಲ್ಲ. ಶಿಷ್ಯೆಯರು ಸ್ಟಿಯರಿಂಗು ಬಿಗಿಹಿಡಿದು, ಬೆನ್ನು ನೆಟ್ಟಗಿಟ್ಟು, ಶಾಂತಚಿತ್ತರಾಗಿ, ನಿಲ್ಲಬೇಕಾದ ಬಿಳಿಗೆರೆ ದಾಟಿ ಹೋಗಿಬಿಡುತ್ತಿದ್ದರು. ಸೊಸೆಯೇ ಹಾಗೆ ಮೂರು ಸಲ ಹೋಗಿದ್ದಳು. ಮೂರನೆಯ ಸಲ ಇನ್‌ಸ್ಪೆಕ್ಟರು, “ಎಲ್ಲಿಗಮ್ಮಾ ಪ್ರಯಾಣ?” ಎಂದು ವಿಚಾರಿಸಿದ್ದರು.

“ಆ ಗೆರೆ ಎಳೆದಿರೋ ಜಾಗಾನೇ ಸರಿಯಿಲ್ಲ” ಎಂದರು ಅತ್ತೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಪೇಪರಿನ ಹಿಂದಿನಿಂದ ಅವರ ಮಗ ಗೊಣಗಿದ. ಯಾರನ್ನು ಕುರಿತು ಎಂದು ಬಿಡಿಸಿ ಹೇಳುವ ಧೈರ್ಯ ಅವನಿಗೂ ಇರಲಿಲ್ಲ.

ಐವತ್ತೆಂಟರಲ್ಲಿ ಅತ್ತೆಯ ಸೊಂಟ ಹಿಡಿಯಿತು. ಮೊದಲು ತೊಡೆಯ ಸಂದಿಯಲ್ಲಿ ಒಂದು ಚಳಕು. ಆಮೇಲೆ ಕಾರಿನಿಂದ ಇಳಿಯಲು ಐದು ನಿಮಿಷ. ಕೊನೆಗೆ ಬಗ್ಗಿ ತಮ್ಮ ಕಾಲುಗುರು ತಾವೇ ಕತ್ತರಿಸಿಕೊಳ್ಳಲಾಗದ ಸ್ಥಿತಿ. ಭಾನುವಾರ ಪುಟ್ಟಿಯ ಉಗುರು ತೆಗೆದಾದ ಮೇಲೆ ಸೊಸೆ ಅದೇ ಉಗುರುಕಟ್ಟರಿನೊಂದಿಗೆ ಅತ್ತೆಯ ಮುಂದೆ ಕೂರುತ್ತಿದ್ದಳು. ಅತ್ತೆ ಕಿಟಕಿಯಾಚೆ ನೋಡುತ್ತ, ಆ ಪಾದ ಬೇರೆ ಯಾರದೋ ಎಂಬಂತೆ ಇರುತ್ತಿದ್ದರು.

ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಮೂಳೆಗಳ ನಡುವಿನ ಮೆತ್ತೆಯೆಲ್ಲ ಸವೆದಿದೆ, ಕೀಲು ಬದಲಾಯಿಸುವುದೇ ದಾರಿ ಎಂದರು.

“ಬ್ರೇಕ್ ಒತ್ತೀ ಒತ್ತೀ ಸವೆದಿದ್ದು ಡಾಕ್ಟ್ರೇ.” ದನಿಯಲ್ಲಿ ಹೆಮ್ಮೆಯಿತ್ತು.

“ಹಾಗೇನಿಲ್ಲಮ್ಮ. ವಯಸ್ಸು. ಬ್ರೇಕೇ ಮುಟ್ಟದವರಿಗೂ ಬರುತ್ತೆ.”

ಅತ್ತೆಗೆ ಪದಕ ಕಿತ್ತುಕೊಂಡಂತಾಯಿತು. “ಹೊಸದು ಎಷ್ಟು ದಿನ ಬಾಳುತ್ತೆ?”

“ಹದಿನೈದು ಇಪ್ಪತ್ತು ವರ್ಷ ತೊಂದರೆಯಿಲ್ಲ. ಎಷ್ಟೋ ಜನಕ್ಕೆ ಇನ್ನೂ ಹೆಚ್ಚೇ ಬಂದಿದೆ.”

“ಅಷ್ಟು ದಿನ ನಾನು ಬಾಳ್ತೀನಾ?”

“ನಾನು ಕೀಲಿನ ಡಾಕ್ಟರು. ಅದಕ್ಕಷ್ಟೇ ಜವಾಬ್ದಾರಿ.”

ಅತ್ತೆ ಬಾಗಿಲ ತನಕ ಕುಂಟಿಕೊಂಡು ಹೋಗಿ ಮತ್ತೆ ತಿರುಗಿದರು. “ಆ ಪಕ್ಕದ ಸೀಟಲ್ಲಿ ವಾಪಸ್ ಕೂರಬಹುದಾ? ಅದೊಂದು ಹೇಳಿ. ನಡಿಯೋದು ಗಿಡಿಯೋದೆಲ್ಲ ಆಮೇಲೆ.”

ಆಗಲೂ ಅವರಿಗೆ ಬೇಕಾದದ್ದು ಅದೊಂದೇ, ಈಗಲೂ ಅದೊಂದೇ.

ಆಪರೇಷನ್ನಿನ ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಿದರು. ಮನೆಗೆ ಬಂದ ಮೇಲೆ ಮನೆಯೇ ಎತ್ತರವಾಯಿತು. ಸೋಫಾದ ಕಾಲುಗಳ ಕೆಳಗೆ ಮರದ ತುಂಡುಗಳು, ಕಮೋಡಿನ ಮೇಲೆ ಇನ್ನೊಂದು ಕಮೋಡಿನಂಥ ಸೀಟು, ಮಲಗುವಾಗ ಮಂಡಿಗಳ ನಡುವೆ ದಿಂಬು. ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ತಗ್ಗಿನಲ್ಲಿ ಕೂರಬಾರದು. ಸೊಸೆ ಇವನ್ನೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಎರಡು ವರ್ಷದ ಪುಟ್ಟಿ ಒಂದು ಕಡೆ ಬೀಳುತ್ತ ಏಳುತ್ತ, ಅತ್ತೆ ಇನ್ನೊಂದು ಕಡೆ ವಾಕರ್ ಠಕ್ಕೆನ್ನಿಸುತ್ತ, ಹಜಾರದಲ್ಲಿ ಟ್ರಾಫಿಕ್ಕು ಜೋರಾಗಿತ್ತು.

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಮಟ್ಟಿಗೆ ಎರಡೂ ಕಾಲ ನಿನ್ನ ಕೈಯಲ್ಲೇ ಇದೆ ಕಣೇ” ಎಂದು ಅತ್ತೆ ಕಾಲುಚೀಲ ಹಾಕಿಸಿಕೊಳ್ಳಲು ಸೊಸೆಯ ಮುಂದೆ ಪಾದ ಚಾಚುತ್ತಿದ್ದರು.

ವ್ಯಾಯಾಮ ಮಾಡಿಸಲು ಫಿಸಿಯೋ ಹುಡುಗಿಯೊಬ್ಬಳು ಬರುತ್ತಿದ್ದಳು. ಕಡ್ಡಿಯಂಥ ಮೈ, ಮಾತು ಮೆತ್ತಗೆ, ಹಟ ಮಾತ್ರ ಗಟ್ಟಿ. ಅತ್ತೆ ವಾಕರ್ ಬಿಟ್ಟು ಮೊದಲ ಸಲ ಕೋಲು ಹಿಡಿದ ದಿನ ಅವಳು ಹಿಂದೆ ನಿಂತು ಎರಡೂ ಕೈ ಚಾಚಿಕೊಂಡಿದ್ದಳು, ಮುಟ್ಟಿರಲಿಲ್ಲ.

“ಹಿಡ್ಕೋ ಹುಡುಗಿ!”

“ನಾನು ಹಿಡಿದ್ರೆ ಕಾಲಿಗೆ ಕೆಲಸಾನೇ ಇರಲ್ಲ ಅಮ್ಮಾ.”

“ಬಿದ್ರೆ?”

“ಬೀಳೋಕೆ ಬಿಡ್ತೀನಾ? ಆದ್ರೆ ಬೀಳೋಕೆ ಮುಂಚೇನೇ ಹಿಡಿಯಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ ಸೊಸೆಗೆ ಈ ಮಾತು ನಾಟಿತು. ನಾಟಬೇಕಾದವರಿಗೆ ನಾಟಲಿಲ್ಲ. ಅವರು ಏಳು ಹೆಜ್ಜೆ ನಡೆದು, “ನೋಡಿದ್ಯಾ, ನಾನು ಎಷ್ಟು ಬೇಗ ಕಲೀತೀನಿ” ಎಂದರು.

ಮೂರನೆಯ ವಾರದಿಂದ ಕ್ಲಿನಿಕ್ಕಿಗೇ ಹೋಗಬೇಕಾಯಿತು. ಸೊಸೆಯ ಗಂಡನಿಗೆ ಪಂಪ್‌ಹೌಸಿನಲ್ಲಿ ಹಗಲು ಪಾಳಿ. ಬಾಡಿಗೆ ಗಾಡಿಯ ಸೀಟು ತಗ್ಗು. ಉಳಿದದ್ದು ಮನೆಯ ಹಳೆಯ ಕಾರು ಮತ್ತು ಕಲಿಕೆಯ ಲೈಸೆನ್ಸಿನ ಸೊಸೆ. ಅತ್ತೆ ಮುಂದಿನ ಸೀಟಿನಲ್ಲಿ ಎರಡು ದಿಂಬಿನ ಮೇಲೆ ರಾಣಿಯಂತೆ ಕೂತರು.

ಮೊದಲ ತಿರುವಿನಲ್ಲೇ ಹಾಸಿಗೆ ಹೇರಿದ್ದ ಕೈಗಾಡಿಯೊಂದು ಅಡ್ಡ ಬಂತು. ಅತ್ತೆಯ ಹೊಸ ಕಾಲು ಕೆಳಗಿದ್ದ ರಬ್ಬರ್ ಮ್ಯಾಟನ್ನು ಒತ್ತಿತು. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿತು. ಹಾಸಿಗೆಗಳು ಹತ್ತಿರವಾದವು. ಸೊಸೆ ಅಭ್ಯಾಸಬಲದಿಂದ ಕಾರು ನಿಲ್ಲುವುದನ್ನು ಕಾಯುತ್ತಿದ್ದವಳು, ಇದು ನಿಲ್ಲುವ ಗಾಡಿಯಲ್ಲ ಎಂದು ಹೊಳೆದು ತನ್ನ ಕಾಲನ್ನೇ ಊರಿದಳು. ಕಾರು ಗಕ್ಕನೆ ನಿಂತಿತು, ಕೈಗಾಡಿಗೂ ಬಾನೆಟ್ಟಿಗೂ ಒಂದು ಮೊಳ ಅಂತರ.

ಅತ್ತೆ ಕತ್ತು ಚಾಚಿ ಸೊಸೆಯ ಕಾಲಿನ ಕಡೆ ನೋಡಿದರು.

“ಬ್ರೇಕು ನಿನ್ನ ಹತ್ರಾನೂ ಇತ್ತಲ್ಲೇ” ಎಂದರು ಅತ್ತೆ, ಯಾರೋ ಮುಚ್ಚಿಟ್ಟಿದ್ದ ಸಂಗತಿ ಹೊರಬಿದ್ದಂತೆ.

“ಮೊದಲಿಂದಾನೂ ಇತ್ತಂತೆ ಅತ್ತೆ. ನನಗೂ ಈಗಲೇ ಗೊತ್ತಾಗಿದ್ದು.”

ಆರು ವಾರ ಹಾಗೆ ಓಡಾಡಿದರು. ಅತ್ತೆ ದಾರಿಯುದ್ದಕ್ಕೂ ಮ್ಯಾಟು ತುಳಿದರು, ಸೊಸೆ ತನ್ನ ಪಾಡಿಗೆ ಬ್ರೇಕು ಹಾಕಿದಳು. ನಾಲ್ಕನೆಯ ಪರೀಕ್ಷೆಯಲ್ಲಿ ಕಾರು ಬಿಳಿಗೆರೆಯ ಹಿಂದೆ ನಿಂತಾಗ ಇನ್‌ಸ್ಪೆಕ್ಟರು ಕತ್ತು ಹೊರಳಿಸಿ ಅವಳನ್ನೊಮ್ಮೆ ನೋಡಿದರು. ಲೈಸೆನ್ಸು ಬಂತು. ಅತ್ತೆ ಬೀದಿಗೆಲ್ಲ ಹೇಳಿದರು: “ಹೇಗಿದೆ ನನ್ನ ಪಾಠ!”

ಆ ವರ್ಷ ಸ್ಕೂಲಿನವರು ಅತ್ತೆಯನ್ನು ಮೇಜಿನ ಹಿಂದೆ, ಅರ್ಜಿ ತುಂಬಿಸುವ ಕೆಲಸಕ್ಕೆ ಕೂರಿಸಿದರು. ಅವರ ಬದಲಿಗೆ ಬಂದಾತ ಪಕ್ಕದ ಸೀಟಿನಲ್ಲಿ ಬೆಳಿಗ್ಗೆಯೇ ತೂಕಡಿಸುವ ಮನುಷ್ಯ. ನಿದ್ದೆ ಮೇಷ್ಟ್ರು ಎಂದೇ ಪ್ರಸಿದ್ಧ. ಅವನು ಎಚ್ಚರವಾಗುವುದಿಲ್ಲ ಎಂದು ಗೊತ್ತಾದ ಮೇಲೆ ಕಲಿಯುವವರೆಲ್ಲ ಜೀವಭಯದಿಂದ ಬ್ರೇಕು ಹುಡುಕಿಕೊಂಡರು. ಒಬ್ಬರೂ ಬಿಡದಂತೆ ಪಾಸಾದರು. ಮಾಲೀಕರು ಇದನ್ನು ಗಮನಿಸಿದರು. ಹೇಳಲಿಲ್ಲ, ಅಷ್ಟೇ.

ವರ್ಷದ ತಪಾಸಣೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ ತೃಪ್ತಿಯಿಂದ ಕೇಳಿದರು, “ಕೀಲು ಇದೆ ಅನ್ನೋದಾದರೂ ನೆನಪಾಗುತ್ತಾ?”

“ಪೂರ್ತಿ ಮರೆತೇ ಹೋಗಿದೆ.”

“ಇದಕ್ಕಿಂತ ಒಳ್ಳೆ ಫಲ ಇಲ್ಲಮ್ಮ. ಹೋಗಿ, ಕೆಲಸ ಶುರು ಮಾಡಿ.”

ಕೀಲು ಮರೆತಿತ್ತು, ಕಾಲಿಗೆ ಬ್ರೇಕು ಮರೆತಿರಲಿಲ್ಲ. ನೋವಿದ್ದಾಗ ಒಂದಿಷ್ಟು ತಡವಾಗಿಯಾದರೂ ಬೀಳುತ್ತಿದ್ದ ಪಾದ ಈಗ ಮಿಂಚಿನಂತೆ ಬೀಳತೊಡಗಿತು. ಮೊದಲು ನಾಯಿ ಕಂಡರೆ ನಿಲ್ಲುತ್ತಿದ್ದ ಕಾರು ಈಗ ನಾಯಿ ಬರಬಹುದಾದ ಸಂದಿ ಕಂಡರೂ ನಿಲ್ಲುತ್ತಿತ್ತು. ಎರಡನೆಯ ವರ್ಷ ಒಂಬತ್ತರಲ್ಲಿ ಐದು ಜನ ಫೇಲು, ಮೂರನೆಯ ವರ್ಷ ಒಂಬತ್ತರಲ್ಲಿ ಏಳು. ಆಪರೇಷನ್ನು ಇಷ್ಟು ಚೆನ್ನಾಗಿ ಆಗಬಾರದಿತ್ತು ಎಂದು ಮಾಲೀಕರು ನಿದ್ದೆ ಮೇಷ್ಟ್ರ ಹತ್ತಿರ ಅಂದದ್ದು ಅತ್ತೆಯ ಕಿವಿಗೂ ಬಿತ್ತು.

ಈ ಸಲದ ಶಿಷ್ಯೆ ಬೇರೆ ಯಾರೂ ಅಲ್ಲ, ಅದೇ ಫಿಸಿಯೋ ಹುಡುಗಿ. ಮನೆ ಮನೆಗೆ ಹೋಗುವ ಕೆಲಸಕ್ಕೆ ಕಾರು ಬೇಕು, ಕಾರಿಗೆ ಲೈಸೆನ್ಸು ಬೇಕು. ಅತ್ತೆಯನ್ನು ನಡೆಸಿದವಳು ಅವಳು; ಅವಳನ್ನು ಓಡಿಸುವವರು ತಾವೇ ಆಗಬೇಕೆಂದು ಅತ್ತೆ ಹಟ ಹಿಡಿದು ಸೇರಿಸಿಕೊಂಡಿದ್ದರು. ಎರಡು ಸಲ ಗೆರೆ ದಾಟಿದ್ದಳು. ಮೂರನೆಯದು ಸೋಮವಾರ. ಶುಕ್ರವಾರ ಮಾಲೀಕರು ಕನ್ನಡಕ ಒರೆಸುತ್ತ ಹೇಳಿಯೇಬಿಟ್ಟರು: “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಈ ಹುಡುಗಿನೂ ಫೇಲಾದ್ರೆ ನೀವು ಮೇಜಿನ ಹತ್ರಾನೇ ಇದ್ಬಿಡಿ. ಅಲ್ಲಿ ಫ್ಯಾನೂ ಇದೆ.”

“ಇಪ್ಪತ್ತೊಂಬತ್ತು ವರ್ಷ ಫ್ಯಾನ್ ಇಲ್ಲದೇ ಇದ್ದೆ” ಎಂದು ಬಂದರಂತೆ ಅತ್ತೆ. ಮನೆಗೆ ಬಂದು ಊಟ ಬೇಡವೆಂದರು.

ಶನಿವಾರ ಸಂಜೆಯ ಪಾಠ ಮುಗಿಯುವ ಹೊತ್ತಿಗೆ ಪುಟ್ಟಿಯೂ ಸೊಸೆಯೂ ಪೇಟೆಯಿಂದ ಬರುತ್ತಿದ್ದರು. ಅತ್ತೆ ಕಾರು ನಿಲ್ಲಿಸಿ ಇಬ್ಬರನ್ನೂ ಹಿಂದೆ ಹತ್ತಿಸಿಕೊಂಡರು. ಮನೆಗೆ ಎರಡು ಫರ್ಲಾಂಗು. ಅಷ್ಟರಲ್ಲಿ ಕಾರು ಹನ್ನೊಂದು ಸಲ ನಿಂತಿತು. ಪುಟ್ಟಿ ಗಟ್ಟಿಯಾಗಿ ಎಣಿಸಿದಳು. ಹನ್ನೊಂದನೆಯದು ದರ್ಜಿಯಂಗಡಿಯ ಮುಂದೆ. ಅಲ್ಲಿ ಯಾರೂ ಇರಲಿಲ್ಲ.

“ಅಮ್ಮಾ, ಈಗ ನಿಲ್ಲಿಸಿದ್ದು ನಾನಾ, ನೀವಾ?” ಎಂದಳು ಫಿಸಿಯೋ ಹುಡುಗಿ ಮೆತ್ತಗೆ.

“ನೀನೇ ಕಣೇ. ಚೆನ್ನಾಗಿ ನಿಲ್ಲಿಸಿದೆ.”

“ಸ್ವಲ್ಪ ಕೆಳಗೆ ನೋಡಿ.”

ಅತ್ತೆ ಬಗ್ಗಿ ನೋಡಿದರು. ಈಗ ಸಲೀಸಾಗಿ ಬಗ್ಗಬಲ್ಲವರು. ಹುಡುಗಿ ಬಲಗಾಲನ್ನು ಪೆಡಲಿನಿಂದ ಒಂದು ಗೇಣು ಮೇಲಕ್ಕೆ ಎತ್ತಿಕೊಂಡು ಕೂತಿದ್ದಳು. ಚಪ್ಪಲಿ ಗಾಳಿಯಲ್ಲಿ ತೂಗುತ್ತಿತ್ತು.

“ದರ್ಜಿಯಂಗಡಿಗಿಂತ ಮುಂಚೆಯಿಂದ ಹೀಗೇ ಇಟ್ಕೊಂಡಿದ್ದೀನಿ ಅಮ್ಮಾ. ಕಾಲು ನೋಯ್ತಿದೆ.”

ಅತ್ತೆ ಉಳಿದ ದಾರಿಯುದ್ದಕ್ಕೂ ತಮ್ಮ ಎರಡು ಕೈಗಳನ್ನೂ ಬಲಮಂಡಿಯ ಕೆಳಗೆ ತೂರಿಸಿ, ಅದನ್ನು ಮೇಲೆತ್ತಿ ಹಿಡಿದುಕೊಂಡೇ ಬಂದರು. ಆದರೂ ಗೇಟಿನ ಮುಂದೆ ಅದು ಕೈ ಜಾರಿ ಬಿತ್ತು. ಪುಟ್ಟಿ “ಹನ್ನೆರಡು” ಎಂದಳು.

ಆ ರಾತ್ರಿ ಸೊಸೆ ಬಟ್ಟೆ ಮಡಿಸುತ್ತಿದ್ದಾಗ ಅತ್ತೆ ಬಂದು ಎದುರಿಗೆ ಕೂತು, ತಾವೂ ಒಂದು ಟವಲು ಎತ್ತಿಕೊಂಡು ಮಡಿಸತೊಡಗಿದರು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದರು.

“ನಾಳೆ ನಿನಗೇನಾದ್ರೂ ಕೆಲಸ ಇದ್ಯಾ?”

“ಇಲ್ಲ ಅತ್ತೆ. ಯಾಕೆ?”

“ಆ ಹುಡುಗಿನ ನಮ್ಮ ಮನೆ ಗಾಡೀಲಿ ಒಂದೆರಡು ಗಂಟೆ ಓಡಾಡಿಸ್ಕೊಂಡು ಬಾ. ಅದರಲ್ಲಿ ಒಂದೇ ಬ್ರೇಕು. ಪಕ್ಕದ ಸೀಟಲ್ಲಿ ನೀನು ಕೂತ್ಕೋ.”

ಸೊಸೆಯ ಕೈ ನಿಂತಿತು. ಮದುವೆಯಾದಾಗಿನಿಂದ ಆ ಸೀಟಿನಲ್ಲಿ ಬೇರೆಯವರು ಕೂರಬಹುದೆಂಬ ಮಾತು ಅತ್ತೆಯ ಬಾಯಲ್ಲಿ ಬಂದಿರಲಿಲ್ಲ. “ನೀವೂ ಬನ್ನಿ. ಹಿಂದೆ ಕೂತ್ಕೊಳ್ಳಿ.”

“ಹಿಂದೆ ಕೂತ್ರೆ ನಿನ್ನ ಸೀಟು ಒದೀತೀನಿ. ಬೇಡ.” ಅತ್ತೆ ಟವಲನ್ನು ಮೂರನೆಯ ಸಲ ಮಡಿಸಿದರು. “ಇನ್ನೊಂದು ಉಪಕಾರ ಮಾಡ್ತೀಯಾ?”

“ಹೇಳಿ.”

“ಹೋಗೋವಾಗ ಹೊರಗಿನಿಂದ ಬೀಗ ಹಾಕ್ಕೊಂಡು ಹೋಗು. ಪುಟ್ಟಿ ಅಪ್ಪ ಮನೇಲಿರ್ತಾನೆ, ಅವನನ್ನೂ ಸೇರಿಸಿ ಹಾಕು. ಬೀಗದಕೈ ಅವನ ಹತ್ರ ಕೊಡಬೇಡ, ಎರಡು ಸಲ ಕೇಳಿದ್ರೆ ಕೊಟ್ಟುಬಿಡ್ತಾನೆ. ನಾನು ಕಿಟಕಿಯಿಂದ ಎಷ್ಟು ಕೂಗಿದ್ರೂ ಆ ಹುಡುಗಿ ಗಾಡಿ ನಿಲ್ಲಿಸದ ಹಾಗೆ ನೋಡ್ಕೋ.”