ಟಾಕೀಜಿನ ಮೂರನೇ ಬಾಗಿಲ ಪೊಳ್ಳು ಕಲ್ಲು

ಮೊನ್ನೆ ಅಪ್ಪ ಅರ್ಧ ಊಟಕ್ಕೇ ಕೈ ತೊಳೆದು, ಮೊಬೈಲ್ ತಂದು ನನ್ನ ಮುಂದೆ ಹಿಡಿದ.

ಹೈದರಾಬಾದಿನ ಒಂದು ಹಳೇ ಟಾಕೀಜು. ಮುಚ್ಚಿ ವರ್ಷಗಳಾಗಿವೆ, ಈಗ ಒಡೆಯುತ್ತಾರಂತೆ... ಯಾರೋ ಫೋಟೊ ಹಾಕಿದ್ದರು.

"ನನ್ನ ಅಲ್ಲಿಗಿ ಕರ್ಕೊಂಡ್ ಹೋಗವ್ವಾ. ಒಡಿಯೂಕಿಂತ ಮೊದ್ಲ ಹೋಗ್ಬೇಕು."

ಅಪ್ಪ ನಮ್ಮ ಶಹಾಬಾದಿನ ಫರಸಿ ಮಿಸ್ತ್ರಿ. ನೆಲಕ್ಕೆ ಕಲ್ಲು ಕೂರಿಸುತ್ತಲೇ ವಯಸ್ಸು ಕಳೆದವನು. ಈಗ ಮೊಣಕಾಲು ಎರಡೂ ಕೈಕೊಟ್ಟಿವೆ, ಓಣಿ ತುದಿಯ ಚಹಾದಂಗಡಿಗೆ ಹೋಗಲೂ ನಾಲ್ಕು ಸಲ ನಿಲ್ಲುತ್ತಾನೆ.

ನಾನು ರೇಗಿದೆ. ಪಿಕ್ಚರ್ ಇಲ್ಲ, ಜನ ಇಲ್ಲ, ಪಾಳು ಬಿದ್ದ ಕಟ್ಟಡದಲ್ಲಿ ಏನು ನೋಡುತ್ತೀ ಅಂತ ಬೈದೆ.

ಮಾರನೆಯ ದಿನ ನೋಡಿದರೆ ಅವನ ಕೈಚೀಲದಲ್ಲಿ ಗಚ್ಚು ಬಳಿಯುವ ಕರಣಿ, ಕಟ್ಟಿಗೆಯ ಸುತ್ತಿಗೆ, ಒಂದು ಗಂಟು ಸಿಮೆಂಟು! ಕೆಲಸ ಬಿಟ್ಟು ಎಷ್ಟೋ ವರ್ಷ ಆದವನ ಚೀಲ ಅದು.

ಭಾನುವಾರ ಬೆಳಗ್ಗೆ ರೈಲು ಹತ್ತಿದೆವು.

ಚಿತ್ತಾಪುರ ದಾಟಿತು, ಸೇಡಂ ಬಂತು... ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಆ ಟಾಕೀಜಿನ ಕಥೆ ಶುರು ಮಾಡಿದ.

ಆ ಟಾಕೀಜಿನ ನೆಲ ಹಾಕಿದ್ದು ನಮ್ಮ ಕಡೆಯವರೇ. ಪಕ್ಕದ ಭಂಕೂರಿನ ಖಾಸಿಂ ಉಸ್ತಾದ್ ಹಿರೇ ಮಿಸ್ತ್ರಿ, ಅವರ ಕೈಕೆಳಗೆ ಅಪ್ಪ, ಇನ್ನೊಂದಷ್ಟು ಮಂದಿ.

ಕಲ್ಲು ಕೂರಿಸಿದ ಮೇಲೆ ಸುತ್ತಿಗೆಯಿಂದ ಬಡಿದು ಕೇಳಬೇಕು. ಕೆಳಗೆ ಗಚ್ಚು ತುಂಬಿದ್ದರೆ ಸಪ್ಪಳ ಗಟ್ಟಿ, ಇಲ್ಲದಿದ್ದರೆ ಪೊಳ್ಳು. ಪೊಳ್ಳು ಬಂತೆಂದರೆ ಎಬ್ಬಿಸಿ ಮತ್ತೆ ಹಾಕಬೇಕು, ಮಾಲಕನೇ ಅದರ ಮೇಲೆ ನಿಂತಿದ್ದರೂ ಸರಿ... ಅದು ಉಸ್ತಾದರ ಕಾನೂನು.

ಸಂಜೆ ಅವರು ಒಬ್ಬೊಬ್ಬರನ್ನೂ ಕೇಳುತ್ತಿದ್ದದ್ದು ಒಂದೇ ಮಾತು, ಎಲ್ಲಾ ತುಂಬಿದಾವೇನು ಅಂತ. ಹೂಂ ಅಂದರೆ ಮುಗಿಯಿತು. ತಾವು ತಿರುಗಿ ಬಡಿದು ನೋಡುತ್ತಿರಲಿಲ್ಲ. ಮಿಸ್ತ್ರಿಯ ಬಾಯಿಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಕೊನೆಯ ದಿನ, ಮೂರನೇ ಬಾಗಿಲ ಒಳಗಿನ ಒಂದು ಕಲ್ಲು ಉಳಿದಿತ್ತು. ಅಷ್ಟರಲ್ಲಿ ಶಹಾಬಾದಿನ ಕಲ್ಲಿನ ಲಾರಿಯ ಡ್ರೈವರ್ ಸುದ್ದಿ ತಂದ, ನಿನ್ನ ಹೆಂಡತಿ ಹಡೆದಾಳ, ಹೆಣ್ಣು ಅಂತ. ಲಾರಿ ಆಗಲೇ ವಾಪಸ್ ಹೊರಡಲು ನಿಂತಿತ್ತು.

ಅಪ್ಪ ಕಲ್ಲು ಕೂರಿಸಿ ಬಡಿದ. ಪೊಳ್ಳು!

ಉಸ್ತಾದ್ ಕೇಳಿದರು. ಅಪ್ಪ ಹೂಂ ಅಂದು ಲಾರಿ ಹತ್ತಿದ.

"ನಿನ್ನ ಮಾರಿ ನೋಡೋ ಅವಸರ ಇತ್ತವ್ವಾ... ಉಸ್ತಾದ್ ಸಾಯೋತನಕ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಅದರ ಮ್ಯಾಲ ಯಾರ್ಯಾರು ಎಡವಿ ಬಿದ್ರೋ ಏನೋ. ಒಂದ್ಸಲ ಎಬ್ಬಿಸಿ ಛಲೋ ಕೂಡಿಸಿ ಬರ್ತೀನಿ."

ನಾಳೆ ಒಡೆಯುವ ಕಟ್ಟಡದಲ್ಲಿ ಇವತ್ತು ಕಲ್ಲು ರಿಪೇರಿ! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆ ಕಲ್ಲು ಪೊಳ್ಳಾಗಿದ್ದೇ ನನ್ನಿಂದ ಅಂತ ಗೊತ್ತಾದ ಮೇಲೆ ಬೈಯುವುದಾದರೂ ಹೇಗೆ?

ಆಟೊದಲ್ಲಿ ಅಪ್ಪ ಹೈದರಾಬಾದನ್ನು ಟಾಕೀಜುಗಳ ಮೇಲೆಯೇ ಗುರುತು ಹಿಡಿಯುತ್ತಾ ಹೋದ.

ಈ ಮಾಲ್ ಇದ್ದ ಜಾಗದಲ್ಲಿ ಒಂದು ಟಾಕೀಜಿತ್ತು, ಮೆಟ್ಟಿಲಿಗೆಲ್ಲ ನಮ್ಮ ಕಲ್ಲು. ಆ ಫಂಕ್ಷನ್ ಹಾಲ್ ಕೂಡ ಮೊದಲು ಟಾಕೀಜೇ, ಹೆಂಗಸರಿಗೆ ಬೇರೆ ಗೇಟು ಇತ್ತು. ಅಲ್ಲಿ ಹೊಸ ಪಿಕ್ಚರ್ ಬಂದರೆ ಕ್ಯೂ ರಸ್ತೆ ತನಕ ಬರುತ್ತಿತ್ತು, ಪೊಲೀಸರು ಲಾಠಿ ಹಿಡಿದು ನಿಲ್ಲಬೇಕಿತ್ತು... ಈಗ ಕಾರು ನಿಲ್ಲಿಸುತ್ತಾರೆ.

ಎಲ್ಲದರ ನೆಲವೂ ಅವನಿಗೆ ನೆನಪಿದೆ. ಒಳಗೆ ಕೂತು ಪಿಕ್ಚರ್ ಮಾತ್ರ ಒಂದೂ ನೋಡಿಲ್ಲ. ಅದನ್ನು ಕೇಳಿ ನನಗೆ ಭಾಳ ಸಂಕಟವಾಯಿತು.

ಟಾಕೀಜಿನ ಗೇಟಿನಲ್ಲಿ ಮಲ್ಲೇಶಂ ಅಂತ ಒಬ್ಬ ಹಿರಿಯರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲು ಅಲ್ಲೇ ಗೇಟ್‌ಕೀಪರ್, ಈಗ ವಾಚ್‌ಮನ್. ನನ್ನ ಅರೆಬರೆ ತೆಲುಗಿನಲ್ಲಿ ವಿಷಯ ಹೇಳಿದೆ. ಅವರು ಅಪ್ಪನ ಚೀಲ ನೋಡಿದರು, ಮುಖ ನೋಡಿದರು, ಬಾಗಿಲು ತೆಗೆದರು.

ಒಳಗೆ ಹಗಲಲ್ಲೂ ಕತ್ತಲು. ಕುರ್ಚಿಗಳನ್ನೆಲ್ಲ ಕಿತ್ತು ಒಯ್ದಿದ್ದರು. ಅಪ್ಪ ಗೋಡೆ ಹಿಡಿದುಕೊಂಡು ಮೂರನೇ ಬಾಗಿಲಿಗೆ ಹೋಗಿ, ಕಷ್ಟಪಟ್ಟು ಕೂತು, ಸುತ್ತಿಗೆಯಿಂದ ಬಡಿದ.

ಟೊಕ್. ಈಗಲೂ ಪೊಳ್ಳು.

ಕಲ್ಲು ಒಡೆದಿರಲಿಲ್ಲ, ಒಂದು ಮೂಲೆ ಮಾತ್ರ ಸೀಳಿತ್ತು. ಅಪ್ಪ ಕರಣಿ ತೆಗೆದ. ಮಲ್ಲೇಶಂ ಅವರು ತಟ್ಟನೆ ಕೈ ಅಡ್ಡ ಹಿಡಿದರು.

ಆ ಕಲ್ಲು ಮುಟ್ಟಬೇಡಿ ಅಂದರು. ಅವರ ಸ್ಟೂಲು ಇರುತ್ತಿದ್ದದ್ದು ಅದರ ಪಕ್ಕದಲ್ಲೇ ಅಂತೆ. ಪಿಕ್ಚರ್ ಶುರುವಾದ ಮೇಲೆ ಕತ್ತಲಲ್ಲಿ ಬರುವವರು ಕಣ್ಣಿಗೆ ಬೀಳುತ್ತಿರಲಿಲ್ಲ, ಈ ಕಲ್ಲು ಟೊಕ್ ಅಂದರೆ ಯಾರೋ ಒಳಗೆ ಬಂದರು ಅಂತ ಗೊತ್ತಾಗುತ್ತಿತ್ತಂತೆ. ಎದ್ದು ಟಾರ್ಚ್ ಹಾಕಿ, ಕೂಸು ಎತ್ತಿಕೊಂಡ ಹೆಂಗಸರನ್ನು, ವಯಸ್ಸಾದವರನ್ನು ಸೀಟಿನ ತನಕ ಬಿಟ್ಟು ಬರುತ್ತಿದ್ದರಂತೆ.

ಈ ಬಾಗಿಲಲ್ಲಿ ಒಬ್ಬರೂ ಬಿದ್ದಿಲ್ಲ, ಅಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ, ಇದು ಖರೇನೇ ಅಂತ ಅಪ್ಪ ಎರಡು ಸಲ ಕೇಳಿದ. ಆಮೇಲೆ ಕರಣಿ ಒರೆಸಿ ಚೀಲಕ್ಕೆ ಹಾಕಿದ. ಅಂಗೈಯಿಂದ ಕಲ್ಲು ಸವರುತ್ತಾ ಅತ್ತುಬಿಟ್ಟ. ನಾನೂ ಅತ್ತೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಅಂದ:

"ಕಲ್ಲಿನ ಚಿಂತಿ ಹೋಯ್ತು. ಸುಳ್ಳ ಹೇಳಿದ್ದು ಹಂಗೇ ಅದ."

ಇವತ್ತು ಬೆಳಗ್ಗೆ ಭಂಕೂರಿಗೆ ಬಂದಿದ್ದೇವೆ. ಉಸ್ತಾದರ ಗೋರಿ ಅವರ ಹೊಲದ ಅಂಚಿನಲ್ಲೇ ಇದೆ. ಅಪ್ಪ ತಲೆಗೆ ಟವೆಲ್ ಸುತ್ತಿ, ಕೆಲಸ ಮುಗಿದ ಸಂಜೆ ನಿಲ್ಲುತ್ತಿದ್ದ ಹಾಗೆ ಕೈಕಟ್ಟಿ ನಿಂತಿದ್ದಾನೆ.

"ಉಸ್ತಾದ್... ಮೂರನೇ ಬಾಗಿಲ ಕಲ್ಲು ತುಂಬಿರ್ಲಿಲ್ರಿ. ನಾ ಸುಳ್ಳ ಹೇಳ್ದೆ."

ಆಮೇಲೆ ನನ್ನ ಕೈ ಹಿಡಿದು ಮುಂದಕ್ಕೆ ಕರೆದ.

"ಈಕಿನೇ ನೋಡ್ರಿ, ಆವತ್ತು ಹುಟ್ಟಿದಾಕಿ."

ಉಸ್ತಾದರು ಇದ್ದಿದ್ದರೆ ಅವನಿಗೆ ಏನು ಅನ್ನುತ್ತಿದ್ದರು... ನಿಮಗೇನನ್ನಿಸುತ್ತದೆ?