ಬಸ್ತಿಹಳ್ಳಿ ಅನುಸೂಯಮ್ಮನ ನೀರೊಲ್ಲದ ಹರಳು

ಅರಸೀಕೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಬ್ಬರಿ ಮಂಡಿಗಳ ಹಿಂದಿನ ಪುಟ್ಟ ಶೆಡ್ಡಿನಲ್ಲಿ ಅನುಸೂಯಮ್ಮ ಮೂಗು ಬಾಯಿಗೆ ಬಟ್ಟೆ ಕಟ್ಟಿ ಕೂತಿದ್ದಾರೆ. ಬೆರಳ ತುದಿಯಲ್ಲಿ ಕಲ್ಲುಸಕ್ಕರೆಯ ಚೂರಿನಂಥ ಹರಳು. ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿಯ ಮೇಲೆ ಅದನ್ನು ಮೆಲ್ಲಗೆ ಆಡಿಸುತ್ತಾರೆ. ನೀರು ಸೋಕುವಂತಿಲ್ಲ, ಉಸಿರಿನ ಆವಿಯೂ ತಾಗುವಂತಿಲ್ಲ. ತೇವ ಕುಡಿದರೆ ಸೀಳಿಹೋಗುವ ಜಾತಿ ಅದು.

ಬಸ್ತಿಹಳ್ಳಿಯ ಬಸದಿಯ ಕನ್ನಡಿಯಂಥ ಕಂಬಗಳಲ್ಲಿ ಮುಖ ನೋಡಿಕೊಂಡು ಬೆಳೆದವರು ಇವರು. ಅಪ್ಪ ಬಳಪದ ಕಲ್ಲಿನಲ್ಲಿ ಮೂರ್ತಿ ಕಡೆದರೆ, ಉಜ್ಜಿ ನಯ ಮಾಡುವುದು ಮಗಳ ಪಾಲು. ಆ ಕೈ ಕಂಡೇ, ಲೇಸರ್ ಯಂತ್ರಗಳಿಗೆ ಹರಳು ಮಾಡಿಕೊಡುವ ಈ ಶೆಡ್ಡಿನ ಮಾಲೀಕ ಧರ್ಮೇಶ್ ಕರೆತಂದದ್ದು. ಹಸಿರು ಲೇಸರ್ ಈ ಹರಳನ್ನು ಹಾಯ್ದರೆ ಬೆಳಕಿನ ಕಣಗಳು ಎರಡೆರಡು ಕೂಡಿ ಒಂದಾಗುತ್ತವೆಯಂತೆ; ನೇರಳೆಗೂ ಬಹಳ ಆಚೆಯ, ಕಣ್ಣಿಗೇ ಕಾಣದ ಬೆಳಕಾಗಿ ಹೊರಡುತ್ತವೆಯಂತೆ. ಕೂದಲೆಳೆಯ ಗೀರು ಉಳಿದರೂ ಬೆಳಕು ಚೆದುರುತ್ತದೆ.

ಮೊದಲ ಹರಳು ಮಳೆಗಾಲದ ತೇವಕ್ಕೆ ಸೀಳಿಹೋಯಿತು. ಇದೂ ಕೆಟ್ಟರೆ ಶೆಡ್ಡು ಮುಚ್ಚುವುದೇ ಎಂದು ಧರ್ಮೇಶ್ ಹೇಳಿಬಿಟ್ಟಿದ್ದಾರೆ.

ನಿನ್ನೆ ಆಯುಧಪೂಜೆ. ಪಕ್ಕದ ಮಂಡಿಯ ಲಲಿತಮ್ಮ ಚೊಂಬು ಹಿಡಿದು ಬಂದವರೇ ಹರಳಿಗೂ ನೀರು ಚಿಮುಕಿಸಲು ಕೈಯೆತ್ತಿದರು. ಅನುಸೂಯಮ್ಮ ಸೆರಗು ಅಡ್ಡ ಹಿಡಿದರು.

"ಏನೇ ಅನ್ಸೂಯಾ, ನೀರೇ ಆಗ್ದಿರೋ ದೇವ್ರು ಯಾವ್ದೇ ನಿಂದು?"

"ತೊಟ್ಟು ಬಿದ್ರೂ ಸತ್ತೋಯ್ತದೆ ಕಣೇ! ಬೇಕಾರೆ ನನ್ ತಲೆ ಮ್ಯಾಲೆ ಸುರಿ."

ಕೊನೆಗೆ ಹೂವು ಹರಳಿನ ಬದಲು ಮೇಜಿಗೇ ಏರಿತು.

ಇವತ್ತು ಪರೀಕ್ಷೆ. ಹರಳು ತೇವ ತಾಗದಂತೆ ಬೆಚ್ಚಗಿಟ್ಟ ಗೂಡು ಸೇರಿದೆ. ಅನುಸೂಯಮ್ಮ, ಧರ್ಮೇಶ್ ಇಬ್ಬರೂ ಕಣ್ಣು ಕಾಯುವ ಕನ್ನಡಕ ಹಾಕಿದ್ದಾರೆ. ಮುಚ್ಚಿದ ಕೊಳವೆಯೊಳಗೆ ಹಸಿರು ಬೆಳಕು ಹರಿಯುತ್ತದೆ. ಉಳಿದ ಹಸಿರನ್ನು ಕೊಳವೆಯ ತುದಿಯ ಗಾಜು ತಡೆಯುತ್ತದೆ; ಆಚೆ ಬದಿಗೆ ಒಂದು ಬಿಳಿ ಕಾಗದ. ಧರ್ಮೇಶ್ ತಿರುಪನ್ನು ಇಷ್ಟಿಷ್ಟೇ ತಿರುಗಿಸುತ್ತಾರೆ. ಕಾಗದ ಕತ್ತಲಲ್ಲೇ ಇದೆ.

"ಸೀಳೋಗೈತೇನಪ್ಪಾ?"

"ತಡೀರಿ ಅನುಸೂಯಕ್ಕ, ಹರಳಿನ್ನೂ ನೇರಕ್ಕೆ ಬಂದಿಲ್ಲ."

ಇನ್ನೊಂದಿಷ್ಟು ತಿರುಗಿಸುತ್ತಾರೆ. ಕಾಗದದ ಮೇಲೆ ಶಂಖಪುಷ್ಪದ ಎಸಳಿನಂಥ ನೀಲಿ ಚುಕ್ಕಿ ಅರಳುತ್ತದೆ.

"ಇದೇನಾ ಆ ಬೆಳ್ಕು?"

"ಅಲ್ಲಕ್ಕ. ಅದು ಬಂದು ಬಡಿದಿದ್ದಕ್ಕೆ ಕಾಗದ ಮಿನುಗ್ತಿದೆ. ಅದು ಮಾತ್ರ ಕಾಣಲ್ಲ."

ಹರಳಿಗೂ ಕಾಗದಕ್ಕೂ ನಡುವಿನ ಖಾಲಿ ಜಾಗವನ್ನೇ ಅನುಸೂಯಮ್ಮ ಬಹಳ ಹೊತ್ತು ನೋಡುತ್ತಾರೆ. ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚುವುದೂ ಮರೆತಿದೆ.

"ಕಾಣ್ದಿದ್ರೆ ಇರ್ಲಿ ಬಿಡಪ್ಪ. ನಾನ್ ಉಜ್ಜಿದ್ ದಾರೀಲಿ ಎಲ್ಲೂ ಎಡವ್ದಂಗೆ ಹೋಯ್ತಲ್ಲ!"